ಕಬ್ಬಿನ ಬೂದಿ ಹೊತ್ತು ಶಿವಾಜಿನಗರಕ್ಕೆ

ಡಿಸೆಂಬರಿನ ಎರಡನೆಯ ವಾರ, ಬೆಳಿಗ್ಗೆ ಏಳೂಕಾಲಿಗೆ, ಸಂಕೇಶ್ವರದ ನಿಲ್ದಾಣದಲ್ಲಿ ಬೆಳಗಾವಿಯಿಂದ ಬಂದ ಪುಣೆ ಬಸ್ಸು ಹತ್ತಿದೆ. ಕೈಯಲ್ಲಿ ಒಂದು ಬಟ್ಟೆಯ ಚೀಲ, ಹೆಗಲ ಮೇಲೆ ಹದಿನೈದು ಕಿಲೋ ಬೂದಿಯ ಮೂಟೆ. ಕಂಡಕ್ಟರ್ ಮೂಟೆಯನ್ನು ಕಾಲಿನಿಂದ ಒತ್ತಿ ನೋಡಿ, "ಸಿಮೆಂಟ್ ಏನ್ರಿ?" ಎಂದ. "ಅಲ್ಲ, ಬೂದಿ" ಎಂದೆ. ಅವನು ನನ್ನ ಮುಖವನ್ನೊಮ್ಮೆ ನೋಡಿದ. ನನಗೆ ನಾನೂರ ಎಪ್ಪತ್ತು ರೂಪಾಯಿ ಟಿಕೆಟ್, ಬೂದಿಗೆ ಬೇರೆ ಲಗೇಜ್ ಚೀಟಿ. ಇನ್ನೂರ ತೊಂಬತ್ತು ಕಿಲೋಮೀಟರು ದಾರಿ, ಏಳು ತಾಸಿನ ಪ್ರಯಾಣ.

ನಾನು ಪಾಲಿಟೆಕ್ನಿಕ್ ಒಂದರ ಕಾಂಕ್ರೀಟ್ ಪ್ರಯೋಗಾಲಯದಲ್ಲಿ ಮೂವತ್ತೆರಡು ವರ್ಷ ಕೆಲಸ ಮಾಡಿ ನಿವೃತ್ತನಾದವನು. ನಮ್ಮ ಕಡೆ ಸಕ್ಕರೆ ಕಾರ್ಖಾನೆಗಳಿಗೆ ಬರವಿಲ್ಲ. ಕಬ್ಬು ಹಿಂಡಿದ ಸಿಪ್ಪೆಯನ್ನು ಬಾಯ್ಲರಿಗೆ ಹಾಕಿ ಸುಡುತ್ತಾರೆ, ಬೂದಿಯನ್ನು ಹೊಲದ ಬದುಗಳಲ್ಲಿ ಸುರಿಯುತ್ತಾರೆ. ಆ ಬೂದಿಯನ್ನು ಸಿಮೆಂಟಿನ ಹತ್ತನೇ ಒಂದು ಪಾಲಿನ ಬದಲು ಬಳಸಿದರೆ ಕಾಂಕ್ರೀಟು ಇನ್ನಷ್ಟು ಗಟ್ಟಿಯಾಗುತ್ತದೆ ಎನ್ನುವುದು ನನ್ನ ನಂಬಿಕೆ. ನಿವೃತ್ತಿಗೆ ಆರು ತಿಂಗಳು ಮುಂಚೆ ನಾನು ಅಚ್ಚು ಹಾಕಿ ಯಂತ್ರದಲ್ಲಿ ಒತ್ತಿ ಒಡೆದ ಕ್ಯೂಬುಗಳು, ಅಂದರೆ ಕಾಂಕ್ರೀಟಿನ ಚೌಕ ಗಟ್ಟಿಗಳು, ಅದನ್ನು ತೋರಿಸಿಯೂ ಕೊಟ್ಟವು. ಒಂದು ಸಭೆಯಲ್ಲಿ ಭಾಷಣ ಮಾಡಿದೆ, ಶಾಲು ಹೊದೆಸಿದರು. ಆಮೇಲೆ ಹಳೆಯ ಸಲುಗೆಯಿಂದ ಅದೇ ಪ್ರಯೋಗಾಲಯದಲ್ಲಿ ಮೂರು ಸಲ ಮಾಡಿ ನೋಡಿದೆ. ಮೂರೂ ಸಲ ಬೂದಿಯ ಕ್ಯೂಬು ಬರೀ ಸಿಮೆಂಟಿನ ಕ್ಯೂಬಿಗಿಂತ ಮೊದಲೇ ಪುಡಿಯಾಯಿತು. ಮೊದಲ ಸಲ ನನ್ನ ಕಣ್ಣು ತಪ್ಪಿರಬೇಕು ಎಂದು ಹಳೆಯ ಸಹೋದ್ಯೋಗಿಗಳು ಚಹಾ ಕುಡಿಯುತ್ತ ಹೇಳತೊಡಗಿದರು. ಪುಣೆಯ ಶಿವಾಜಿನಗರದ ಕಾಲೇಜೊಂದರಲ್ಲಿ ಕಾಂಕ್ರೀಟ್ ಲ್ಯಾಬು ನೋಡಿಕೊಳ್ಳುವ ನನ್ನ ಹಳೆಯ ವಿದ್ಯಾರ್ಥಿ ಮಹಾವೀರ ಮಗದುಮ್ ಮಾತ್ರ, "ಬೂದಿ ತಗೊಂಡ ಇಲ್ಲೇ ಬರ್ರಿ ಸರ, ಕೂಡಿ ನೋಡೂಣು" ಎಂದ.

ಊರಿನಲ್ಲಿ ಎಲ್ಲರಿಗೂ ಹೇಳಿದ್ದು ಈ ಕಾರಣವನ್ನೇ. ಹೇಳದೆ ಉಳಿಸಿಕೊಂಡ ಕಾರಣ ನನ್ನ ಹೆಂಡತಿ ಸುಮಂಗಲಾ. ಅವಳ ಅಕ್ಕ ಶಾಂತಕ್ಕ ಶಿವಾಜಿನಗರದಲ್ಲಿ ಖಾನಾವಳಿ ನಡೆಸುತ್ತಾಳೆ. ಎರಡು ವರ್ಷದ ಹಿಂದೆ ಶಾಂತಕ್ಕ ಬಿದ್ದು ಸೊಂಟದ ಎಲುಬು ಮುರಿದುಕೊಂಡಾಗ, ಮೂರು ತಿಂಗಳ ಮಟ್ಟಿಗೆ ಎಂದು ಸುಮಂಗಲಾ ಹೋದಳು. ಮೂರು ತಿಂಗಳು ಎರಡು ವರ್ಷವಾಯಿತು. ನಡುವೆ ಎರಡು ಸಲ ಬಂದು ನಾಲ್ಕಾರು ದಿನ ಇದ್ದು, ಉಪ್ಪಿನಕಾಯಿ ಹಾಕಿಟ್ಟು, ಮತ್ತೆ ಹೋದಳು. ನಮಗೆ ಮಕ್ಕಳಿಲ್ಲ. ನಾನು ಒಮ್ಮೆಯೂ ಪುಣೆಗೆ ಹೋಗಿರಲಿಲ್ಲ. ಹೋದರೆ ಕರೆಯಲು ಹೋದಂತೆ ಆಗುತ್ತದೆ ಎನ್ನುವ ಬಿಗುಮಾನ. ಈಗ ಕರೆಯಲೆಂದೇ ಹೊರಟಿದ್ದೆ, ಹೆಗಲ ಮೇಲೆ ಬೂದಿ ಇದ್ದುದರಿಂದ ಧೈರ್ಯ ಬಂದಿತ್ತು.

ನಿಪ್ಪಾಣಿಯಲ್ಲಿ ಪಕ್ಕಕ್ಕೆ ಬಂದು ಕೂತ ತಂಬಾಕಿನ ವ್ಯಾಪಾರಿಯೊಬ್ಬರು ಕೊಲ್ಲಾಪುರದಲ್ಲಿ ಮೂಟೆಯ ವಿಚಾರ ತೆಗೆದರು. ಬೂದಿ, ಸಿಮೆಂಟು, ಗಟ್ಟಿತನ ಎಂದು ನಾನು ಅಲ್ಲಿ ಶುರುಮಾಡಿದ ಪಾಠವನ್ನು ಕರಾಡದಲ್ಲಿ ಮುಗಿಸಿದೆ. ಅವರು ಕೇಳಿದ್ದು ಒಂದೇ ಪ್ರಶ್ನೆ.

"ಮನ್ಯಾಗ ಯಾರ‍್ಯಾರ ಇರ್ತೀರಿ?"

"ನಾ ಒಬ್ಬನಽ. ಮನಿಯವರು ಪುಣೆದಾಗ ಅದಾರ."

"ಹಂಗಂದ್ರ ಬೂದಿ ಒಂದು ನೆವಾ ಅನ್ರಿ" ಎಂದು ಅವರು ನಕ್ಕು, ಸಾತಾರಾ ಬರುವವರೆಗೆ ನಿದ್ದೆ ಮಾಡಿದರು. ದಾರಿಯುದ್ದಕ್ಕೂ ಕಬ್ಬು ಹೇರಿದ ಟ್ರ್ಯಾಕ್ಟರುಗಳು, ಅವುಗಳ ಹಿಂದೆ ನಮ್ಮ ಬಸ್ಸು ತೆವಳುತ್ತಿತ್ತು. ಕರಾಡದ ಹತ್ತಿರ ಮಿಸಳ್ ತಿಂದೆ, ತೊಂಬತ್ತು ರೂಪಾಯಿ, ಕಣ್ಣಲ್ಲಿ ನೀರು ಬರುವಷ್ಟು ಖಾರ. ಖಂಬಾಟಕಿ ಘಾಟಿನ ಚಳಿಗಾಳಿ ಕಿಟಕಿಯಿಂದ ನುಗ್ಗಿತು. ಕಾತ್ರಜ್ ಇಳಿದು ಊರು ಕಾಣಿಸಿದಾಗ ನಾನು ಬಟ್ಟೆಯ ಚೀಲದಿಂದ ಬಾಚಣಿಗೆ ತೆಗೆದು ತಲೆ ಬಾಚಿಕೊಂಡೆ. ಅರವತ್ತಮೂರನೆಯ ವಯಸ್ಸಿನಲ್ಲಿ, ಬಸ್ಸಿನಲ್ಲಿ, ಹೆಂಡತಿಯನ್ನು ನೋಡಲು ಹೋಗುವಾಗ ತಲೆ ಬಾಚಿಕೊಂಡದ್ದನ್ನು ಬರೆಯಲು ನನಗೇನೂ ನಾಚಿಕೆಯಿಲ್ಲ.

ಸ್ವಾರಗೇಟಿನಲ್ಲಿ ಇಳಿದು ಮೆಟ್ರೋಗೆ ಹೋದೆ. ತಪಾಸಣೆಯ ಯಂತ್ರದಲ್ಲಿ ಮೂಟೆ ಹೋಗಿ ನಿಂತಿತು. ಕಾವಲಿನವನು ಅದರ ಬಾಯಿ ಬಿಚ್ಚಿಸಿ, "ಹೇ ಕಾಯ ಆಹೇ, ಕಾಕಾ?" ಎಂದ, ಇದೇನು ಎಂದು. "ರಾಖ" ಎಂದೆ, ಬೂದಿ ಎಂದು. ಅವನು ಥಟ್ಟನೆ ಕೈ ಹಿಂದೆಗೆದು, ತಲೆಬಾಗಿಸಿ, ಮೆಲ್ಲನೆ "ಕೊಣಾಚೀ?" ಎಂದು ಕೇಳಿದ. ಯಾರ ಬೂದಿ ಎಂದರೆ ಏನು ಹೇಳಲಿ? "ಉಸಾಚೀ" ಎಂದೆ, ಕಬ್ಬಿನದು ಎಂದು. ಹಿಂದೆ ನಿಂತ ಹುಡುಗಿಯರು ನಕ್ಕರು. ಅವನು ನಗದೆ ಮೂಟೆಯ ಬಾಯನ್ನು ತಾನೇ ಕಟ್ಟಿಕೊಟ್ಟ.

ಖಾನಾವಳಿ ಕೋರ್ಟಿನ ಹಿಂದಿನ ಓಣಿಯಲ್ಲಿ, ಕೆಳಗೆ ಊಟದ ಕೋಣೆ, ಮೇಲೆ ವಾಸದ ಎರಡು ಕೋಣೆ. ನಾನು ಹೋದಾಗ ಮೂರು ಗಂಟೆ, ಮಧ್ಯಾಹ್ನದ ಪಂಕ್ತಿ ಮುಗಿದಿತ್ತು. ಸುಮಂಗಲಾ ಹೊರಬಾಗಿಲಲ್ಲಿ ನಿಂತು ತರಕಾರಿಯವನ ಜೊತೆ ಮರಾಠಿಯಲ್ಲಿ ಚೌಕಾಸಿ ಮಾಡುತ್ತಿದ್ದಳು. ಸಂಕೇಶ್ವರದಲ್ಲಿ ಅವಳ ದನಿ ಅಷ್ಟು ಜೋರಾಗಿ ಹೊರಟದ್ದನ್ನು ನಾನು ಕೇಳಿರಲಿಲ್ಲ. ಮುಖ ತುಂಬಿಕೊಂಡಿತ್ತು, ಸೆರಗನ್ನು ಸೊಂಟಕ್ಕೆ ಬಿಗಿದಿದ್ದಳು. ನನ್ನನ್ನು ಕಂಡು, ಮೊದಲು ಮೂಟೆಯನ್ನು ನೋಡಿದಳು.

"ಏನ್ರಿ ಅದು?"

"ಬೂದಿ."

"ಪುಣೆಕ್ಕ ಬೂದಿ ಹೊತ್ತು ಬಂದ್ರೇನು?" ಎಂದಳು. ಆಮೇಲೆ, "ಬರ್ರಿ, ಕೈಕಾಲ ತೊಳ್ಕೊರ್ರಿ. ಊಟಾ ಉಳದದ" ಎಂದಳು.

ಎರಡು ಜೋಳದ ರೊಟ್ಟಿ, ಎಣ್ಣೆಗಾಯಿ, ಮಡಿಕೆಕಾಳಿನ ಪಲ್ಯ, ಶೇಂಗಾ ಚಟ್ನಿ, ಗಟ್ಟಿ ಮೊಸರು. ಎರಡು ವರ್ಷದಿಂದ ನಾನು ಬೇಯಿಸಿಕೊಂಡು ತಿಂದದ್ದು ಊಟವೇ ಅಲ್ಲ ಎಂದು ಮೊದಲ ತುತ್ತಿಗೇ ತಿಳಿಯಿತು. ಅವಳು ಗಿರಾಕಿಗೆ ಬಡಿಸುವ ಹಾಗೆಯೇ ಬಡಿಸಿದಳು, ಖಾಲಿಯಾಗುವ ಮೊದಲೇ ತಂದು ಹಾಕಿ, ಮುಂದಿನ ಕೆಲಸಕ್ಕೆ ಹೋದಳು. ಕಟ್ಟಿಗೆಯ ಕೋಲು ಊರಿಕೊಂಡು ಬಂದ ಶಾಂತಕ್ಕ ಎದುರಿಗೆ ಕೂತು, "ಏನಪಾ, ಹಾದಿ ಸಿಕ್ಕಿತಲ್ಲ ಅಂತೂ" ಎಂದು ಕಾಲೆಳೆದಳು. ನಾನು ಮೊಸರು ಕಲಸಿಕೊಂಡೆ.

ಮರುದಿನ ಬೆಳಿಗ್ಗೆ ಮೂಟೆ ಹೊತ್ತು ಮಹಾವೀರನ ಲ್ಯಾಬಿಗೆ ಹೋದೆ. ನಡೆದರೆ ಹತ್ತು ನಿಮಿಷ. ಅವನೀಗ ಕನ್ನಡಕದ, ಅರೆಬೋಳು ತಲೆಯ ಗೃಹಸ್ಥ, ಆದರೂ ನನ್ನನ್ನು ಕಂಡಾಗ ಬಗ್ಗಿ ಕಾಲು ಮುಟ್ಟಿದ. ಚಿಟಿಕೆ ಬೂದಿ ತೆಗೆದು ಅಂಗೈಯಲ್ಲಿ ಉಜ್ಜಿದ. ಕೈ ಕರಿಯಾಯಿತು.

"ಇದ್ರಾಗ ಇನ್ನೂ ಇದ್ದಲಿ ಉಳದದ್ರಿ ಸರ. ಅರ್ಧಾ ಸುಟ್ಟದ್ದು. ಇದು ನೀರು ಕುಡೀತದ, ಗಟ್ಟಿತನ ಕೊಡೂದಿಲ್ಲ. ಮೊದಲನೇ ಸಲ ಇದನ್ನಽ ಹಾಕಿದ್ರೇನು?"

ಅದೇ ಕಾರ್ಖಾನೆ, ಅದೇ ಬಾಯ್ಲರು ಎಂದೆ. ಅವನು ನನ್ನ ಹಳೆಯ ಟಿಪ್ಪಣಿ ಪುಸ್ತಕ ಕೇಳಿದ. ಅದರಲ್ಲಿ ನನ್ನ ದುಂಡು ಅಕ್ಷರದಲ್ಲಿ, "ಬೂದಿ: ಜರಡಿ ಹಿಡಿದದ್ದು" ಎಂದಿತ್ತು, ಅಷ್ಟೇ.

"ಯಾವ ಜರಡಿ ಸರ?"

ನನಗೆ ಆಗ ನೆನಪಾಯಿತು. ಆ ವರ್ಷ ನಮ್ಮ ಲ್ಯಾಬಿನ ಸಣ್ಣ ಕಣ್ಣಿನ ಜರಡಿ ಹರಿದು ಹೋಗಿತ್ತು. ಹೊಸದು ತರಿಸಲು ಕಾಗದ ಓಡಾಡುತ್ತಿತ್ತು. ಬೂದಿಯನ್ನು ಮನೆಗೆ ಒಯ್ದು, ಸುಮಂಗಲಾಳ ಮುಂದೆ ಇಟ್ಟು, ಸಣ್ಣಗೆ ಸೋಸಿಕೊಡು ಎಂದಿದ್ದೆ. ಎರಡು ದಿನ ಬಿಟ್ಟು ಡಬ್ಬಿಯಲ್ಲಿ ತುಂಬಿ ಕೊಟ್ಟಿದ್ದಳು.

"ಹಂಗಾರ ಮೇಡಮ್ಮನವರನ್ನ ಕೇಳ್ರಲ್ಲ" ಎಂದ ಮಹಾವೀರ, ಇದರಲ್ಲಿ ಯೋಚಿಸುವುದೇನಿದೆ ಎನ್ನುವಂತೆ.

ಖಾನಾವಳಿಗೆ ಮರಳಿದಾಗ ಅವಳು ಮೆಂತ್ಯದ ಸೊಪ್ಪು ಸೋಸುತ್ತಿದ್ದಳು. ಕೇಳಿದೆ. ಅವಳು ತಲೆ ಎತ್ತದೆ ಹೇಳಿದಳು.

"ನೀವು ತಂದಿದ್ದು ಕರೀ ಬೂದಿ. ಅದರಲೆ ಭಾಂಡೆ ತಿಕ್ಕಿದ್ರ ಭಾಂಡೆನೂ ಕರಿ, ಕೈನೂ ಕರಿ. ಹಿತ್ತಲದಾಗ ಒಲಿ ಹೂಡಿ, ಕಬ್ಬಿಣದ ಬಾಣಲ್ಯಾಗ ಹಾಕಿ ಮತ್ತ ಸುಟ್ಟೆ. ಕೈಯಾಡಿಸಿ ಕೈಯಾಡಿಸಿ ಬೆಳ್ಳಗಾದ ಮ್ಯಾಲ, ನನ್ನ ಹಳೇ ಪತ್ತಲದ ಬಟ್ಟ್ಯಾಗ ಸೋಸಿ ವಸ್ತ್ರಗಾಳಿ ಹಿಡದೆ."

"ಮತ್ತ ನನಗ ಹೇಳಲಿಲ್ಲ ನೀ."

"ಚಲೋ ಬೂದಿ ಮಾಡೂದು ಹೇಳೋ ಸಂಗತಿ ಏನ್ರಿ? ಡಬ್ಬಿ ತಗೊಂಡ ಹೋದ್ರಿ. ಬೆಳ್ಳಗ ಯಾಕ ಅದ ಅಂತ ನೀವರ ಕೇಳಬೇಕಾಗಿತ್ತು."

ಮೂವತ್ತೆರಡು ವರ್ಷ ಲ್ಯಾಬಿನಲ್ಲಿ ಕಳೆದವನು ಬೂದಿಯ ಬಣ್ಣ ಬದಲಾದದ್ದನ್ನು ಕಂಡಿರಲಿಲ್ಲ. ಭಾಷಣದಲ್ಲಿ ಪ್ರಾಚಾರ್ಯರಿಗೆ, ಕಾರ್ಖಾನೆಗೆ, ಜೀಪಿನ ಡ್ರೈವರಿಗೆ ಕೂಡ ಕೃತಜ್ಞತೆ ಹೇಳಿದ್ದೆ. ಅವಳು ಮೂರನೆಯ ಸಾಲಿನಲ್ಲಿ ಕೂತಿದ್ದಳು. ಸೊಪ್ಪಿನ ಮುಂದೆ ನಿಂತು ನನಗೆ ನನ್ನ ಮೇಲೆಯೇ ಹೇಸಿಗೆಯಾಯಿತು. "ತಪ್ಪಾತು" ಎಂದೆ. ಅವಳು ಒಂದು ಹಿಡಿ ಮೆಂತ್ಯ ನನ್ನ ಕಡೆ ಸರಿಸಿ, "ಕೂತು ಸೋಸ್ರಿ" ಎಂದಳು.

ತಂದ ಬೂದಿಯನ್ನೂ ಹಾಗೆಯೇ ಮತ್ತೆ ಸುಡಬೇಕಿತ್ತು. ಆದರೆ ಖಾನಾವಳಿಯಲ್ಲಿ ಗ್ಯಾಸು, ಓಣಿಯಲ್ಲಿ ಹೊಗೆ ಎಬ್ಬಿಸಿದರೆ ಅಕ್ಕಪಕ್ಕದವರು ಸುಮ್ಮನಿರುವುದಿಲ್ಲ. ಮಹಾವೀರನ ಗುರುತಿನ ಪವಾರ ಎಂಬವರು ಶಿರೂರಿನಲ್ಲಿ ನೆಲಕ್ಕೆ ಹಾಸುವ ಸಿಮೆಂಟ್ ಬ್ಲಾಕು ತಯಾರಿಸುತ್ತಾರೆ. ಅಲ್ಲಿ ಇಂಡಿ ಕಡೆಯ ಕೂಲಿಯವರ ಒಲೆಗಳಿವೆ, ಸೌದೆಯಿದೆ, ಹೋಗಿ ಸುಟ್ಟುಕೊಂಡು ಬನ್ನಿ ಎಂದ. ನಾನು ಒಬ್ಬನೇ ಹೋಗುವ ತಯಾರಿಯಲ್ಲಿದ್ದೆ. "ನಿಮಗೇನ ಗೊತ್ತಾಗ್ತದ ಎಷ್ಟು ಸುಡಬೇಕಂತ" ಎಂದು ಸುಮಂಗಲಾ ಒಂದು ದಿನದ ಅಡುಗೆಯನ್ನು ಕೆಲಸದವಳಿಗೆ ವಹಿಸಿ, ಒಂದು ಹಳೆಯ ಪತ್ತಲದ ಸೀರೆಯನ್ನು ಚೀಲಕ್ಕೆ ಹಾಕಿಕೊಂಡು ಹೊರಟಳು.

ಶಿವಾಜಿನಗರದ ಬಸ್ ನಿಲ್ದಾಣ ವಾಕಡೇವಾಡಿಗೆ ಸರಿದಿದೆ. ಅಲ್ಲಿಂದ ಶಿರೂರಿಗೆ ಎಪ್ಪತ್ತು ಕಿಲೋಮೀಟರು. ನನಗೆ ಟಿಕೆಟ್ ನೂರ ಇಪ್ಪತ್ತು ರೂಪಾಯಿ ಸುಮಾರು, ಹೆಂಗಸರಿಗೆ ಆ ರಾಜ್ಯದಲ್ಲಿ ಅರ್ಧ. "ನಮ್ಮ ಕಡೆ ಪೂರಾ ಪುಕ್ಕಟ" ಎಂದೆ, ನಮ್ಮ ಕಡೆಗೆ ಬರಲು ಇದೂ ಒಂದು ಕಾರಣವಾದೀತೆಂದು. "ಎಲ್ಲಿಗೆ ಹೋಗಲಿಕ್ಕೆ?" ಎಂದಳು. ವಾಘೋಲಿಯ ವಾಹನಗಳ ದಟ್ಟಣೆಯಲ್ಲಿ ಮುಕ್ಕಾಲು ತಾಸು ಸಿಕ್ಕಿಕೊಂಡೆವು. ಅವಳ ಭುಜ ನನ್ನ ಭುಜಕ್ಕೆ ತಾಗುತ್ತಿತ್ತು. ವಾಹನಗಳು ಇನ್ನೂ ಸ್ವಲ್ಪ ಹೊತ್ತು ದಾರಿ ಬಿಡದಿರಲಿ ಎಂದು ಬೇಡಿಕೊಂಡೆ. ರಾಂಜಣಗಾವಿನ ಗಣಪತಿಗೆ ಬಸ್ಸಿನಿಂದಲೇ ಕೈ ಮುಗಿದಳು, ನಾನೂ ಮುಗಿದೆ.

ಪವಾರರ ಅಂಗಳದ ಕೂಲಿಯವರು ಮದುವೆಗೆಂದು ಊರಿಗೆ ಹೋಗಿದ್ದರು. ಅವರ ಒಲೆ ಖಾಲಿಯಿತ್ತು. ಸುಮಂಗಲಾ ಒಲೆಯ ಹಳೆಯ ಬೂದಿ ಗುಡಿಸಿ, ಕಟ್ಟಿಗೆ ಹಚ್ಚಿ, ಕೆಂಡವಾಗುವವರೆಗೆ ಕಾದು, ಬಾಣಲೆ ಇಟ್ಟಳು. ಸಲಾಕೆಯಿಂದ ತಿರುವುತ್ತ ಹೋದಂತೆ ಕಪ್ಪು ಬೂದಿಯೊಳಗೆ ಸಣ್ಣ ಕಿಡಿಗಳು ಕೆಂಪಾಗಿ ಓಡಿದವು, ಆಮೇಲೆ ಬೂದು, ಆಮೇಲೆ ಬಿಳಿ. ಪವಾರರು ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕೂತು ಅವಳನ್ನೇ ಪ್ರಶ್ನೆ ಕೇಳುತ್ತಿದ್ದರು: ಎಷ್ಟು ಹೊತ್ತು, ಎಷ್ಟು ಕೆಂಡ, ಹೆಚ್ಚು ಸುಟ್ಟರೆ ಏನಾಗುತ್ತದೆ. ಅವಳು ಮರಾಠಿಯಲ್ಲಿ ಉತ್ತರಿಸುತ್ತಿದ್ದಳು. ನಾನು ಸೌದೆ ಕೊಡುವವನು. ಮಧ್ಯಾಹ್ನ ಪತ್ತಲದ ಬಟ್ಟೆಯನ್ನು ನಾನೊಂದು ತುದಿ, ಅವಳೊಂದು ತುದಿ ಹಿಡಿದು ಬೂದಿ ಗಾಳಿಸಿದೆವು. ಅವಳ ಹುಬ್ಬು, ರೆಪ್ಪೆ ಎಲ್ಲ ಬೆಳ್ಳಗಾದವು. ಹೀಗೆ ಒಂದು ಬಟ್ಟೆಯ ಎರಡು ತುದಿ ಹಿಡಿದು ನಿಂತು ಎಷ್ಟು ಕಾಲವಾಯಿತು ಎಂದು ಎಣಿಸಿದೆ. ಎಂದೂ ನಿಂತಿರಲಿಲ್ಲ.

ಮರಳುವಾಗ ಶಿಕ್ರಾಪುರ ದಾಟಿದ ಮೇಲೆ ಅವಳೇ ಕೇಳಿದಳು.

"ಬೂದಿ ಸಲುವಾಗೇ ಬಂದ್ರೇನು?"

"ಅಲ್ಲ" ಎಂದೆ. "ನೀ ಮನಿಗೆ ಬಾ, ಸುಮಂಗಲಾ. ನೀ ಇಲ್ಲದ ನನಗ ಆಗವಲ್ದು."

ಅವಳು ಸೆರಗಿಗೆ ಅಂಟಿದ ಬೂದಿ ಕೊಡವಿದಳು. "ಮೂರು ತಿಂಗಳಾದಾಗ ಫೋನ್ ಮಾಡಿದ್ದೆ. ಬರಲೇನು ಅಂತ ಕೇಳಿದ್ದೆ. ಏನಂದಿದ್ರಿ ನೆನಪದ?"

ನೆನಪಿತ್ತು. ನಿನಗೆ ಹೇಗೆ ಅನುಕೂಲವೋ ಹಾಗೆ ಮಾಡು ಎಂದಿದ್ದೆ. ದೊಡ್ಡ ಮನಸ್ಸಿನ ಮಾತು ಎಂದು ಅಂದುಕೊಂಡಿದ್ದೆ ಕೂಡ.

"ಬಾ ಅಂದಿದ್ರ ಅವತ್ತಽ ಬರ್ತಿದ್ದೆ. ಈಗ ನಲವತ್ತು ಮಂದಿ ನನ್ನ ಕೈ ಊಟಕ್ಕ ಬರ್ತಾರ್ರಿ. ಬೆಳಗಾದ್ರ ನನಗ ಒಂದು ಕೆಲಸ ಅದ. ಅದನ್ನ ಬಿಟ್ಟು ಹೆಂಗ ಬರಲಿ?"

ಬರುತ್ತೇನೆ ಎಂದೂ ಹೇಳಲಿಲ್ಲ, ಬರುವುದಿಲ್ಲ ಎಂದೂ ಹೇಳಲಿಲ್ಲ. ಕಿಟಕಿಯ ಕಡೆ ತಿರುಗಿದವಳು ಪುಣೆ ಬರುವವರೆಗೆ ಈ ಕಡೆ ನೋಡಲಿಲ್ಲ.

ಮರುದಿನ ಮಧ್ಯಾಹ್ನ ಲ್ಯಾಬಿನಲ್ಲಿ ಅಚ್ಚು ಹಾಕಿದೆವು. ಬರೀ ಸಿಮೆಂಟಿನವು ಮೂರು, ಬೂದಿಯವು ಮೂರು ಎಂದು ಲೆಕ್ಕ. ತನ್ನ ಬೂದಿಯನ್ನು ಏನು ಮಾಡುತ್ತಾರೆ ನೋಡಬೇಕೆಂದು ಸುಮಂಗಲಾ ಕೂಡ ಬಂದಿದ್ದಳು. ಕಲಸಿ, ಅಚ್ಚಿಗೆ ತುಂಬಿ, ಮೂರು ಪದರದಲ್ಲಿ ಕುಟ್ಟಿ, ಮೇಲ್ಮೈ ಸವರಿ, ನಾನು ಕೈ ತೊಳೆಯಲು ಹೋದೆ. ಮರುದಿನ ಅಚ್ಚು ಬಿಚ್ಚಿ ನೀರಿನ ತೊಟ್ಟಿಗೆ ಇಳಿಸುವ ಕೆಲಸವನ್ನು ಮಹಾವೀರನೇ ಮಾಡಿದ. ಇಪ್ಪತ್ತೆಂಟು ದಿನ ಅವು ನೀರಿನಲ್ಲಿರಬೇಕು. "ನೀವು ಊರಿಗೆ ಹೋಗಿ ಬರ್ರಿ ಸರ, ನಾ ನೋಡ್ಕೋತೀನಿ" ಎಂದ. ತೊಟ್ಟಿಯ ನೀರಿನ ಉಷ್ಣಾಂಶದ ಮೇಲೆ ನಿಗಾ ಇಡಬೇಕು ಎಂದು ಗಂಭೀರವಾಗಿ ಹೇಳಿ, ಉಳಿದುಕೊಂಡೆ.

ಆ ಇಪ್ಪತ್ತೆಂಟು ದಿನಗಳನ್ನು ಹೇಗೆ ವರ್ಣಿಸಲಿ. ಬೆಳ್ಳುಳ್ಳಿ ಬಿಡಿಸಿದೆ, ನೀರು ಇಟ್ಟೆ, ಕೋರ್ಟಿನ ಗುಮಾಸ್ತರಿಗೆ, ಕಾಲೇಜಿನ ಹುಡುಗರಿಗೆ ತಾಟು ಹಾಕಿದೆ. ರವಿವಾರ ಹಿಂಜವಾಡಿಯಿಂದ ಬರುವ ಮೈಸೂರಿನ ಹುಡುಗರು, "ಅಂಕಲ್, ಇನ್ನೊಂದ್ ರೊಟ್ಟಿ ಕೊಡ್ತೀರಾ, ಸೂಪರ್ ಆಗಿದೆ" ಎಂದು ನನ್ನನ್ನೇ ಹೊಗಳುತ್ತಿದ್ದರು. ನಾನು ಮೇಲಿನ ಮುಂದಿನ ಕೋಣೆಯಲ್ಲಿ, ಅಕ್ಕತಂಗಿಯರು ಒಳಕೋಣೆಯಲ್ಲಿ. ಬೆಳಿಗ್ಗೆ ಐದಕ್ಕೆ ಅವಳು ಮೆಟ್ಟಿಲಿಳಿಯುವ ಸದ್ದು, ಆಮೇಲೆ ರೊಟ್ಟಿ ಬಡಿಯುವ ಸದ್ದು ಕೇಳುತ್ತ ಮಲಗಿರುತ್ತಿದ್ದೆ. ಇನ್ನೂರ ತೊಂಬತ್ತು ಕಿಲೋಮೀಟರು ದೂರವಿದ್ದಾಗ ಅವಳ ಹಂಬಲವಿತ್ತು, ಸರಿ. ಒಂದೇ ಸೂರಿನ ಕೆಳಗೆ ಇದ್ದಾಗ ಅದು ಇನ್ನೂ ಹೆಚ್ಚಾಯಿತು. ಬಸ್ಸಿನಲ್ಲಿ ಕರೆದಂತೆ ಅವಳನ್ನು ಇನ್ನೊಮ್ಮೆ ಮನೆಗೆ ಕರೆಯಬೇಕೆಂದು ದಿನವೂ ಅನ್ನಿಸುತ್ತಿತ್ತು. ಬೇಡ ಎಂದುಬಿಟ್ಟರೆ ಎಂದು ಬೆಳ್ಳುಳ್ಳಿ ಬಿಡಿಸುತ್ತ ಕೂರುತ್ತಿದ್ದೆ. ಅವಳೂ ಅದರ ಸುದ್ದಿ ತೆಗೆಯಲಿಲ್ಲ.

ಇಪ್ಪತ್ತೆಂಟನೆಯ ದಿನ ಬಂತು. ಮರುದಿನ ಬೆಳಗಿನ ಬಸ್ಸಿಗೆ ಟಿಕೆಟ್ ಮಾಡಿಸಿಕೊಂಡೇ ಲ್ಯಾಬಿಗೆ ಹೋದೆ. ಮೊದಲು ಬರೀ ಸಿಮೆಂಟಿನ ಮೂರು ಕ್ಯೂಬುಗಳನ್ನು ಯಂತ್ರಕ್ಕೆ ಕೊಟ್ಟು ಒಡೆದೆವು, ಮಹಾವೀರ ಅಂಕಿ ಬರೆದುಕೊಂಡ. ಆಮೇಲೆ ಬೂದಿಯವು. ಪರದೆಯ ಮೇಲೆ ಅಂಕಿ ಏರುತ್ತ ಹೋಗಿ, ಹಿಂದಿನ ಮೂರು ನಿಂತ ಜಾಗಕ್ಕೆ ಬಂದು, ನಿಲ್ಲದೆ ಮುಂದೆ ಹೋಯಿತು. ನಾನು ಮೇಜಿನ ಅಂಚು ಹಿಡಿದುಕೊಂಡಿದ್ದೆ. ಮೂರೂ ಕ್ಯೂಬು ಹಾಗೆಯೇ ಮುಂದೆ ಹೋಗಿ ಆಮೇಲೆ ಒಡೆದವು.

"ನಿಮ್ಮ ಕಣ್ಣು ಅವತ್ತೂ ತಪ್ಪಿರಲಿಲ್ಲ ಸರ" ಎಂದ ಮಹಾವೀರ.

ಖುಷಿಯಾಯಿತು. ಆದರೆ ಆ ಖುಷಿಯ ಬೆನ್ನಿಗೇ ಪುಣೆಯಲ್ಲಿರಲು ನನಗಿನ್ನು ಯಾವ ಕಾರಣವೂ ಉಳಿಯಲಿಲ್ಲ ಎಂದು ಹೊಳೆಯಿತು. ಇನ್ನೆರಡು ವಾರ ತಡವಾಗಿ ಗಟ್ಟಿಯಾಗಿದ್ದರೆ ಏನಾಗುತ್ತಿತ್ತು ಎಂದು ಆ ಚೂರುಗಳ ಮೇಲೆ ಸಿಟ್ಟೂ ಬಂತು. ರಿಜಿಸ್ಟರಿನಲ್ಲಿ ಬೂದಿ ತಯಾರಿಸಿದವರ ಕಾಲಮಿನಲ್ಲಿ ಸುಮಂಗಲಾಳ ಹೆಸರು ಬರೆದು, ಹೊರಡಲು ಎದ್ದೆ.

"ಉಳದ ಮೂರಕ್ಕ ಬರ್ತೀರಲ್ಲ ಸರ?" ಎಂದ ಮಹಾವೀರ.

"ಯಾವ ಮೂರು?"

ಅವನು ತೊಟ್ಟಿಯ ಹತ್ತಿರ ಕರೆದೊಯ್ದ. ಮೂಲೆಯಲ್ಲಿ, ನೀರಿನ ತಳದಲ್ಲಿ, ಇನ್ನೂ ಮೂರು ಕ್ಯೂಬು. ಮೇಲೆ ಬಣ್ಣದಲ್ಲಿ ಅಚ್ಚು ಹಾಕಿದ ದಿನ, ಪಕ್ಕಕ್ಕೆ ತೊಂಬತ್ತು ಎಂದು ಬರೆದಿತ್ತು.

"ಅವತ್ತ ನೀವು ಕೈ ತೊಳೀಲಿಕ್ಕೆ ಹೋಗಿದ್ರಿ. ಬೂದಿ ಕಲಸಿದ್ದು ಉಳದಿತ್ತು. ಭಾಳ ಅಂದ್ರ ಎಷ್ಟು ದಿನಾ ನೀರಾಗ ಇಡ್ತೀರಿ ಅಂತ ಮೇಡಮ್ಮನವರು ಕೇಳಿದ್ರು. ಬೂದಿದು ನಿಧಾನಕ್ಕ ಬಲೀತದ, ತೊಂಬತ್ತು ದಿನಕ್ಕೂ ನೋಡ್ತೀವಿ ಅಂದೆ. ಹಂಗಾರ ತೊಂಬತ್ತರವು ಮೂರು ಹಾಕ್ರಿ, ಅಲ್ಲೀತನಾ ಅವರು ಇಲ್ಲೇ ಇರ್ಲಿ ಅಂದ್ರು. ನಿಮಗ ಹೇಳ್ಯಾರ ಅಂತ ತಿಳಕೊಂಡಿದ್ದೆ ನಾ."

ಶಿರೂರಿನಿಂದ ಬಂದ ಮರುದಿನ ಅದು. ನಾನು ಬಸ್ಸಿನಲ್ಲಿ ಕೇಳಿದ್ದಕ್ಕೆ ಅವಳು ಒಂದು ರಾತ್ರಿ ಯೋಚಿಸಿ ಮಾರನೆಯ ದಿನವೇ ಉತ್ತರ ಕೊಟ್ಟಿದ್ದಳು. ತೊಟ್ಟಿಯ ನೀರಿನ ಉಷ್ಣಾಂಶ ನೋಡಲೆಂದು ಇಪ್ಪತ್ತೆಂಟು ದಿನ ಉಳಿದಿದ್ದ ನಾನು ಒಂದು ದಿನವೂ ತೊಟ್ಟಿಯೊಳಗೆ ಬಗ್ಗಿ ನೋಡಿರಲಿಲ್ಲ. ಬಾಗಿಲಲ್ಲೇ ನಿಂತು ಮೊಬೈಲಿನಲ್ಲಿ ಟಿಕೆಟ್ ರದ್ದು ಮಾಡಿದೆ. ಈ ಬರಹದಲ್ಲಿ ಮರುಪ್ರಯಾಣದ ವಿವರಗಳಿಲ್ಲದಿರುವುದಕ್ಕೆ ಊರಿನ ಗೆಳೆಯರು ಕ್ಷಮಿಸಬೇಕು.

ಖಾನಾವಳಿಯ ಅಡುಗೆಮನೆಯಲ್ಲಿ ಅವಳು ನನಗೆ ಬೆನ್ನು ಮಾಡಿ ರೊಟ್ಟಿ ಬಡಿಯುತ್ತಿದ್ದಳು. ನಾನು ಬಾಗಿಲ ಚೌಕಟ್ಟು ಹಿಡಿದು ನಿಂತೆ.

"ತೊಂಬತ್ತು ದಿನದ ಕ್ಯೂಬು ನೋಡಿ ಬಂದೆ" ಎಂದೆ.

ಕೈ ನಿಲ್ಲಲಿಲ್ಲ. "ಹೂಂ" ಎಂದಳು.

"ತೊಂಬತ್ತು ಆದ ಮ್ಯಾಲ?"

ಅವಳು ರೊಟ್ಟಿಯನ್ನು ಹೆಂಚಿಗೆ ಹಾಕಿ, ಮೇಲೆ ನೀರು ಸವರಿದಳು.

"ಮಹಾವೀರ ಅವರನ್ನ ಕೇಳೇನಿ. ವರ್ಷದ ಕ್ಯೂಬೂ ಇರ್ತಾವಂತ" ಎಂದಳು.